ಮಗನ ಊರಿಗೆ ಬಂದ ಗಾಳಿ

ಹನುಮನಹಳ್ಳಿ
ಮೇ ೬, ಮಂಗಳವಾರ

ಪ್ರೀತಿಯ ಅಕ್ಕ ವಾಣಿಶ್ರೀಗೆ,

ತಂಗಿ ಲಲಿತಾನ ನಮಸ್ಕಾರ. ಬರೆಯೋದು ತಡ ಆತು, ಸಿಟ್ಟಾಗಬ್ಯಾಡ. ಸಿಟ್ಟಂತೂ ಆಗೇ ಆಗೀದಿ ಬಿಡು, ಗಾಳಿ ಬಿಟ್ಟ ದಿನದಿಂದ ಫೋನ್ ಬಂದ್ ಮಾಡಿ ಕುಂತಿ. ಬೈಯಾಕಾದ್ರೂ ಮಾತಾಡಬೇಕಲ್ಲ? ನಿಮ್ಮ ಓಣಿ ಫಕೀರಮ್ಮ ಹುಲಿಗೆಮ್ಮನ ದರ್ಶನಕ್ಕ ಬಂದಾಳಂತ, ಆಕಿ ಕೈಯಾಗ ಈ ಪತ್ರ ಕೊಡ್ತೀನಿ.

ಆವತ್ತು ನೀ ಕುಷ್ಟಗಿಯಿಂದ ಫೋನ್ ಮಾಡಿ, "ಮೋಡ ಗ್ವಾಡಿ ಕಟ್ಟಿದಂಗ ಉದ್ದಕ ನಿಮ್ಮ ಕಡೆ ಹೊಂಟೈತಿ, ನಿಮ್ಮ ಖಾನಾವಳಿ ತಗಡಿಗೆ ಹಗ್ಗ ಕಟ್ರಿ" ಅಂದಿ. ನಮ್ಮನಿಯವ್ರಿಗೆ ಹೇಳಿದೆ. ಅವರು ಕಾಲು ಚಾಚಿ ಕುಂತು, "ಗಾಳಿ ಅಂದ್ರ ನಮ್ಮ ಹನುಮಪ್ಪನ ಅಪ್ಪ. ಮಗನ ಊರಿಗೆ ಬಂದು ಅಪ್ಪ ಹಾಳ ಮಾಡ್ತಾನೇನ?" ಅಂದ್ರು. ಇಡೀ ಊರೇ ಹಂಗ ಅಂತೈತಿ. ನಾನೂ ನಕ್ಕು, "ನಿಮ್ಮೂರ ಗಾಳಿ ನಮಗೇನ್ ಮಾಡ್ತೈತಿ ಬಿಡಕ್ಕಾ" ಅಂದು ಫೋನ್ ಇಟ್ಟೆ. ಅದಕ್ಕ ಏನ ಈ ಮುನಿಸು?

ಬಂದ್ನವ್ವಾ ಅಪ್ಪ! ಮೊದಲು ತಂಪು ಗಾಳಿ ರಪ್ಪಂತ ಹೊಡೀತು. ಹಿಂದ ಕರೀ ಮೋಡದ ಸಾಲು, ಅದರ ಬುಡದಾಗ ಧೂಳು ಬುಗುರಿಯಂಗ ತಿರಗ್ತಿತ್ತು. ಖಾನಾವಳಿ ತಗಡು ಕಿತ್ತು ಭತ್ತದ ಗದ್ಯಾಗ ಬಿದ್ವು. ಬಾಳಿತೋಟ ಪೂರಾ ಮೂಡಣಕ್ಕ ತಲಿ ಹಾಕಿ ಮಲಗೈತಿ. ನಡುವಿನ ಒಂದು ಪಟ್ಟಿಯಾಗ ಮಾತ್ರ ಗಿಡ ಸೀರಿ ಹಿಂಡಿದಂಗ ತಿರುಚಿ, ಒಂದರ ಮ್ಯಾಲೊಂದು ಬಿದ್ದಾವ. ನೋಡಾಕ ಬಂದ ಕೃಷಿ ಆಫೀಸಿನವ್ರು, "ಇಂಥಾ ಮೋಡದ ಸಾಲಿನ ಮುಂದಿನ ಅಂಚು ಎಲ್ಲಿ ಬಾಗತೈತಿ, ಅಲ್ಲಿ ಸಣ್ಣ ಸುಂಟರಗಾಳಿ ಹುಟ್ಟಿ ತುಸು ಹೊತ್ತಿನಾಗ ಸಾಯ್ತಾವ್ರಿ. ಉಳಿದಿದ್ದೆಲ್ಲಾ ನೆಟ್ಟಗ ಬೀಸಿದ ಗಾಳಿ ಕೆಲಸ" ಅಂದ್ರು. ನಮ್ಮನಿಯವ್ರು ಏನಂದ್ರು ಗೊತ್ತೇನ? "ಅಪ್ಪ ಮಗನ್ನ ಹುಡುಕ್ಕೋತ ಸುತ್ಯಾನ!" ನಾ ಹಣಿ ಹಣಿ ಬಡಕೊಂಡೆ.

ನಾವೆಲ್ಲ ಆರಾಮ ಅದೀವಿ. ಒಲಿ ಬಯಲಾಗ ಐತಿ, ಹನುಮಪ್ಪನ ಬೆಟ್ಟಕ್ಕ ಬಂದ ಭಕ್ತರು ಬಿಸಲಾಗ ನಿಂತು ಮಿರ್ಚಿ ತಿಂತಾರ. ಸಾಕಕ್ಕಾ, ಒಂದ್ಸಲ ಬಾಯಿ ತುಂಬ ಬೈದುಬಿಡು. ನಿನ್ನ ಬೈಗುಳನ ನನಗ ಆಶೀರ್ವಾದ.

ನಿನ್ನ ತಂಗಿ,
ಲಲಿತಾ

ತಾ.ಕ.: ಅಕ್ಕಾ, ಈಗ ಫಕೀರಮ್ಮ ಬಂದ್ಲು. ಪತ್ರ ಕೊಟ್ರ, "ಯಾವ ಮನಿಗೆ ಒಯ್ಲಿ? ವಾಣಿ ಮಕ್ಕಳ ಕಟ್ಟಿಕೊಂಡು ಸಾಲ್ಯಾಗ ಅದಾಳ" ಅಂದ್ಲು. ನೀ ನನಗ ಹಗ್ಗ ಕಟ್ರಿ ಅಂದಾಗ ನಿನ್ನ ತಲಿ ಮ್ಯಾಲ ತಗಡೇ ಇದ್ದಿಲ್ಲಂತ. ನಿನ್ನ ಫೋನು ಬಿದ್ದ ಗ್ವಾಡಿ ಕೆಳಗಂತ, ಮಳ್ಯಾಗ ನಿಂತು ಆಕಿ ಫೋನಿಂದ ಮಾತಾಡಿದ್ಯಂತ. ಬ್ಯಾರೇ ನಂಬರ ಯಾಕಂತ ನಾ ಕೇಳಲಿಲ್ಲ. ನಿಮ್ಮಲ್ಲಿ ಹೆಂಗೈತಿ ಅಂತನೂ ಕೇಳಲಿಲ್ಲ. ನಾ ನಕ್ಕಾಗಾದ್ರೂ ಹೇಳಬಾರದಿತ್ತೇನ, ಹಟಮಾರಿ? ಪತ್ರ ಆಕಿ ಕೈಯಾಗ ಕೊಟ್ಟೀನಿ. ಆಕಿ ಹಿಂದ ಬರೋ ಬಸ್ಸಿಗೆ ನಾನೂ ಬರ್ತೀನಿ. ಹಗ್ಗ ತರ್ತೀನಿ.