ಕೇಳಿದ್ದನ್ನು ಕೇಳಿದ ಹಾಗೆ ಹೇಳಿ

ಮನೆ, ಅಡುಗೆಮನೆಯ ಮೇಜು
ನವೆಂಬರ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ದಾರ ಕಚ್ಚಿ ಕಚ್ಚಿ ಚೂರು ಮುರಿದುಕೊಂಡೆಯಲ್ಲ, ಆ ಮುಂದಿನ ಹಲ್ಲು ಚಳಿಗೆ ನೋಯುತ್ತಿದೆಯಾ? ಕತ್ತರಿ ಕೈಯಲ್ಲೇ ಇದ್ದರೂ ಹಲ್ಲಿಗೆ ಕೆಲಸ ಕೊಡುವವಳು ನೀನು. ತಿಂಗಳುಗಟ್ಟಲೆ ನಿನ್ನಿಂದ ಒಂದು ಸಾಲೂ ಇಲ್ಲ. ಆದರೂ ಮೊದಲು ಕ್ಷೇಮ ಕೇಳದೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ, ಅಮ್ಮ ಹಾಗೆ ಬೆಳೆಸಿಬಿಟ್ಟಿದ್ದಾಳೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವನ್ನು ಬೈಯುತ್ತಾ ಮೆಟ್ಟಿಲು ಹತ್ತುತ್ತಾಳೆ, ಇಳಿಯುವಾಗ ನನ್ನನ್ನು ಬೈಯುತ್ತಾಳೆ. ನಿನ್ನ ಮಗಳು ಪುಟಾಣಿ ಉದ್ದವಾಗಿದ್ದಾಳೆ, ಹೋದ ವರ್ಷದ ಫ್ರಾಕು ಈ ವರ್ಷ ಅಂಗಿಯಾಗಿದೆ. ತಲೆ ಬಾಚಿಸಿಕೊಳ್ಳುವಾಗ ಮಾತ್ರ ನಿನ್ನ ಸುದ್ದಿ ತೆಗೆಯುತ್ತಾಳೆ. "ಅಮ್ಮ ಆದ್ರೆ ಎಳೀತಿರ್ಲಿಲ್ಲ" ಅಂತ. ನಾನೂ ಎಳೆಯುವುದಿಲ್ಲ ಕಣೆ, ಸಿಕ್ಕು ಇದ್ದರೆ ಏನು ಮಾಡಲಿ?

ಈಗ ವಿಷಯಕ್ಕೆ ಬರುತ್ತೇನೆ. ನೀನು ಎಲ್ಲಿದ್ದೀಯ ಅಂತ ನಾನು ಕೇಳದ ಬಾಗಿಲಿಲ್ಲ. ನಮ್ಮ ಕಾಲ್ಚೀಲದ ಕಾರ್ಖಾನೆಗೆ ಮೆಷಿನ್ ಮಾರಿದ ಆ ಚೀನೀ ಕಂಪನಿಯವರು, ನಿನ್ನನ್ನು ದುಭಾಷಿ ಅಂತ ಮೂರು ತಿಂಗಳ ಮಟ್ಟಿಗೆ ತಮ್ಮ ದೇಶಕ್ಕೆ ಕರೆದುಕೊಂಡು ಹೋದವರು, "ಕೆಲಸ ಬಿಟ್ಟು ಹೋದ್ರು, ಎಲ್ಲಿಗೆ ಅಂತ ಹೇಳ್ಲಿಲ್ಲ" ಅನ್ನುತ್ತಾರೆ. ಪೊಲೀಸ್ ಠಾಣೆಯಲ್ಲಿ "ದೊಡ್ಡೋರಲ್ವೇನಮ್ಮಾ, ಅವ್ರಿಷ್ಟಕ್ಕೆ ಹೋಗಿರ್ತಾರೆ" ಅಂದರು. ಭಾವ ತೀರಿಕೊಂಡ ಮೇಲೆ ಮಗಳನ್ನು ಒಂದು ದಿನ ಪಕ್ಕದ ಮನೆಯಲ್ಲಿ ಬಿಡದಿದ್ದವಳು ನೀನು. ನಿನ್ನಿಷ್ಟ ಏನು ಅಂತ ಅವರಿಗೇನು ಗೊತ್ತು? ಕೊನೆಗೆ ಕಂಪನಿಯ ಹೆಂಗಸು ಒಬ್ಬಳು ಫೋನಿನಲ್ಲಿ ಬಹಳ ಮೃದುವಾಗಿ ಹೇಳಿದಳು: "ಆ ಜಾಗ ಇನ್ನೂ ಖಾಲಿ ಇದೆ. ನಿಮ್ಮ ಮನೇಲಿ ಇನ್ಯಾರಾದ್ರೂ ಭಾಷೆ ಕಲಿತೋರಿದ್ರೆ, ಪರೀಕ್ಷೆ ಪಾಸಾದ್ರೆ, ಕಳಿಸಿ. ಅದೇ ಕೆಲಸ, ಅದೇ ಕೋಣೆ, ಅದೇ ಹಾಸಿಗೆ." ನೀನಿದ್ದ ಕೋಣೆಯೊಳಗೆ ಕಾಲಿಡಲು ನನಗೆ ಸಿಕ್ಕಿದ್ದು ಇದೊಂದೇ ದಾರಿ. ಹಾಗಾಗಿ ನಿನ್ನ ಈ ತಂಗಿ, ಶಾಲೆಯಲ್ಲಿ ಲೆಕ್ಕಕ್ಕೆ ಹೆದರಿ ಹೊಟ್ಟೆನೋವು ತರಿಸಿಕೊಳ್ಳುತ್ತಿದ್ದವಳು, ಚೀನೀ ಭಾಷೆಯ ಪರೀಕ್ಷೆಗೆ ಹೆಸರು ಕೊಟ್ಟಳು.

ಟೈರ್ ಅಂಗಡಿಯ ಮಹಡಿಯಲ್ಲಿ ಕ್ಲಾಸು. ಕೆಳಗೆ ಗಾಳಿ ತುಂಬುವ ಮೆಷಿನ್ ಬುಸ್ ಅನ್ನುವಾಗಲೆಲ್ಲ ಟೀಚರ್ ಮಾತು ನಿಲ್ಲಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಕ್ಷರಗಳೋ, ಒಂದೊಂದೂ ಸಿಕ್ಕುಬಿದ್ದ ದಾರದ ಉಂಡೆ. ಓದುವುದು ಕಬ್ಬಿಣದ ಕಡಲೆಯೇ ಆಯಿತು. ಆದರೆ ಕೇಳಿ ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸುಮ್ಮನೆ ನೀನು ನನ್ನನ್ನು ಗಿಣಿ ಅಂತ ಕರೆಯುತ್ತಿದ್ದೆಯಾ? ನೀನು ಸಂಜೆ ಈ ಮೇಜಿನ ಮೇಲೇ ಪುಸ್ತಕ ಹರಡಿಕೊಂಡು ಗಟ್ಟಿಯಾಗಿ ಓದುವಾಗ, ಆ ಮುರಿದ ಹಲ್ಲಿನ ಸಂದಿನಿಂದ ಸಣ್ಣಗೆ ಸೀಟಿ ಊದಿದ ಹಾಗೆ ಗಾಳಿ ಬರುತ್ತಿತ್ತು. ನಾನು ತರಕಾರಿ ಹೆಚ್ಚುತ್ತಾ ಅದನ್ನೂ ಸೇರಿಸಿ ಅಣಕಿಸುತ್ತಿದ್ದೆ. ಅರ್ಥ ಒಂದು ಚೂರೂ ಗೊತ್ತಿರಲಿಲ್ಲ. ಅರ್ಥ ಗೊತ್ತಾಗತೊಡಗಿದ ಮೇಲೆ ಒಂದು ವಿಚಿತ್ರ ನಡೆಯಿತು. ನಿನ್ನ ಫೋನಿಗೆ ಕರೆ ಮಾಡಿದಾಗಲೆಲ್ಲ ಒಬ್ಬಳು ಏನೋ ಹೇಳಿ ಕಟ್ ಮಾಡುತ್ತಿದ್ದಳಲ್ಲ, ಸ್ವಿಚ್ ಆಫ್ ಆಗಿದೆ ಅನ್ನುತ್ತಿರಬೇಕು ಎಂದು ನಾನು ಅಂದುಕೊಂಡಿದ್ದೆ. ಒಂದು ದಿನ ಕಾರ್ಖಾನೆಯ ಊಟದ ಬಿಡುವಿನಲ್ಲಿ ಕರೆ ಮಾಡಿದೆ. ಮಾತು ತಾನಾಗಿ ತಿಳಿಯಿತು. "ನೀವು ಕರೆ ಮಾಡಿದವರು ತರಗತಿಯಲ್ಲಿದ್ದಾರೆ. ದಯವಿಟ್ಟು ಕಾಯಿರಿ." ಟೀಚರಿಗೆ ಕೇಳಿಸೋಣ ಅಂತ ಕ್ಲಾಸಿನಲ್ಲಿ ಮತ್ತೆ ಮಾಡಿದರೆ ಬರೀ ಮೌನ. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ "ಹಾಗಾದ್ರೆ ಕಾಯೋಣ" ಅಂತ ಫೋನ್ ಹಿಡಿದು ಕೂತುಬಿಡುತ್ತಿದ್ದಳು.

ಪರೀಕ್ಷೆ ನಿನ್ನೆ ಆಯಿತು. ಓದುವುದು, ಬರೆಯುವುದು ಬೆಳಗ್ಗೆ. ಅದನ್ನು ದೇವರಿಗೆ ಬಿಟ್ಟಿದ್ದೇನೆ. ಮಾತಿನ ಪರೀಕ್ಷೆ ಮಧ್ಯಾಹ್ನ, ಒಂದು ಕಂಪ್ಯೂಟರ್ ಕೋಣೆಯಲ್ಲಿ. ಕಿಟಕಿಗಳಿಗೆಲ್ಲ ಬೂದುಬಣ್ಣದ ಪರದೆ, ಮೇಜು ಮೇಜಿಗೂ ನಡುವೆ ರಟ್ಟಿನ ಅಡ್ಡ. ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಒಟ್ಟಿಗೇ ಮಾತಾಡಬೇಕು. ಮೊದಲು ಧ್ವನಿ ಕೇಳಿಸುತ್ತದೆ, ನಿನ್ನ ಹೆಸರೇನು, ನಿನ್ನ ಸಂಖ್ಯೆ ಎಷ್ಟು ಅಂತ. ಆಮೇಲೆ ಒಂದೊಂದು ವಾಕ್ಯ ಬರುತ್ತದೆ, ಬೀಪ್ ಅಂದ ಮೇಲೆ ಕೇಳಿದ್ದನ್ನು ಕೇಳಿದ ಹಾಗೆ ಹೇಳಬೇಕು. ಕೂಡಿಸುವಂತಿಲ್ಲ, ಕಳೆಯುವಂತಿಲ್ಲ, ಸುಮ್ಮನಿದ್ದರೆ ಅಂಕ ಇಲ್ಲ. ಯಾವ ದೇಶದಲ್ಲಿ ಬರೆದರೂ ಧ್ವನಿ ಒಂದೇ, ವಾಕ್ಯ ಒಂದೇ, ಅಷ್ಟು ಕಟ್ಟುನಿಟ್ಟು ಅಂತ ಟೀಚರ್ ಮೊದಲೇ ಹೇಳಿದ್ದರು. ಒಂದು ಕೋಣೆ ತುಂಬ ಜನ ಯಾರ ಮುಖವನ್ನೂ ನೋಡದೆ, ಒಂದೇ ಮಾತನ್ನು ಒಂದೇ ಗಳಿಗೆಯಲ್ಲಿ ಗೋಡೆಗೆ ಹೇಳುವುದನ್ನು ನೀನು ನೋಡಿರುತ್ತೀಯ.

ಶುರುವಿನಲ್ಲಿ ಒಬ್ಬ ಗಂಡಸಿನ ದನಿ. "ಇವತ್ತು ಚಳಿ ಇದೆ. ಸೇಬು ಮೇಜಿನ ಮೇಲಿದೆ. ಅವನು ನನ್ನ ಸಹಪಾಠಿ." ನಾನು ಪಟಪಟ ಹೇಳಿಕೊಂಡು ಹೋದೆ. ಆಮೇಲೆ ಒಂದು ಬಿಡುವು ಬಂತು, ಆಗ ಸಣ್ಣಗೆ ಸೀಟಿ ಊದಿದ ಹಾಗೆ ಉಸಿರು ಕೇಳಿಸಿತು. ನಿನ್ನ ಹಲ್ಲಿನ ಸಂದಿನ ಉಸಿರೇ ಅದು ಅಕ್ಕಾ. ನೀನು ಹೇಳಿದೆ: "ನಾವು ಇಲ್ಲಿ ದಿನವೆಲ್ಲ ಓದುತ್ತೇವೆ." ಬೀಪ್. ನಾನು ಹಾಗೆಯೇ ಹೇಳಿದೆ. "ಕಿಟಕಿಗಳು ತೆರೆಯುವುದಿಲ್ಲ." ಬೀಪ್. ಹೇಳಿದೆ. "ಹೊಸಬರು ಬಂದರೆ ಹಳಬರು ಒಳಗಿನ ಕೋಣೆಗೆ ಹೋಗುತ್ತಾರೆ." ಅದನ್ನೂ ಹೇಳಿದೆ. ಎಲ್ಲವೂ ಮೊದಲನೇ ಪುಸ್ತಕದ ಮಾತುಗಳು, ಒಂದೂ ಕಷ್ಟದ್ದಲ್ಲ. ಆ ಪುಸ್ತಕದಲ್ಲಿ ಹೆದರಿಸುವ ಪದಗಳೇ ಇಲ್ಲ. ಹಣ್ಣು, ಹಾಲು, ಕುರ್ಚಿ, ಟೀಚರ್, ಅಷ್ಟೇ. ಅಷ್ಟರಲ್ಲೇ ನೀನು ಹೇಳುವುದನ್ನೆಲ್ಲ ಹೇಳುತ್ತಿದ್ದೆ. ಪಕ್ಕದ ಅಡ್ಡದಾಚೆ ಕೂತಿದ್ದ, ನಮ್ಮ ಕ್ಲಾಸಿಗೇ ಬರುತ್ತಿದ್ದ ನರ್ಸ್ ಒಬ್ಬಳು ಅದೇ ಗಳಿಗೆಯಲ್ಲಿ ಬೇರೇನೋ ಹೇಳುತ್ತಿದ್ದಳು, ರೈಲು ಸ್ಟೇಷನ್ ಎಲ್ಲಿದೆ ಅಂತ ಇರಬೇಕು.

ಆಮೇಲೆ ನೀನು ಅಂದೆ, "ತಂಗಿ, ನೀನು ಬರಬೇಡ."

ಈ ಸಲ ಅರ್ಥ ತಡವಾಗಿ ಬರಲಿಲ್ಲ, ಮಾತಿನ ಜೊತೆಗೇ ಬಂತು. ಬೀಪ್ ಆಯಿತು. ಕಂಪ್ಯೂಟರ್ ಪರದೆಯ ಮೇಲೆ ಹಸಿರು ಪಟ್ಟಿ ಒಂದು ಕರಗುತ್ತಾ ಹೋಗುತ್ತದೆ, ಅದು ಮುಗಿಯುವುದರೊಳಗೆ ಹೇಳಬೇಕು. ಸುಮ್ಮನಿದ್ದರೆ ನಿನ್ನ ಮಾತು ಕೇಳಿದ ಹಾಗೆ, ಆದರೆ ಅಂಕ ಹೋಗುತ್ತದೆ, ನಿನ್ನ ಹತ್ತಿರ ಬರುವ ದಾರಿಯೂ ಹೋಗುತ್ತದೆ. ಸರಿಯಾಗಿ ಹೇಳಿದರೆ ಪಾಸಾಗಿ ಬಂದೇ ಬರುತ್ತೇನೆ. ಬರಬೇಡ ಅನ್ನುವುದನ್ನು ಎಷ್ಟು ಚೆನ್ನಾಗಿ ಹೇಳುತ್ತೇನೋ ಅಷ್ಟು ಬೇಗ ಬರುವ ಹಾಗಿತ್ತು ಆ ಏರ್ಪಾಡು. ನನಗೆ ಹೆದರಿಕೆ ಆಗಿದ್ದಕ್ಕಿಂತ ಹೆಚ್ಚಾಗಿ ನಿನ್ನ ಮೇಲೆ ಸಿಟ್ಟು ಬಂತು. ಸೈಕಲ್ ಮುಟ್ಟಬೇಡ, ಮಳೆಯಲ್ಲಿ ನೆನೆಯಬೇಡ, ಆ ಹುಡುಗನ ಜೊತೆ ಮಾತಾಡಬೇಡ, ಈಗ ಇದೊಂದು. ಪಟ್ಟಿ ಇನ್ನೇನು ಮುಗಿಯಬೇಕು, ನಾನು ಹೇಳಿಬಿಟ್ಟೆ. ನನ್ನ ಹಲ್ಲು ಗಟ್ಟಿಯಾಗಿದೆ ಅಕ್ಕಾ, ಒಂದೂ ಮುರಿದಿಲ್ಲ. ಅಣಕಿಸಬೇಕು ಅಂತಲೂ ನನಗಿರಲಿಲ್ಲ. ಆದರೆ ನನ್ನ ಬಾಯಿಂದ ಆ ಸೀಟಿ ಸಮೇತ ನಿನ್ನ ದನಿಯೇ ಹೊರಟಿತು.

ಕೊನೆಯ ಪ್ರಶ್ನೆಗೆ ಒಂದೂವರೆ ನಿಮಿಷ ನಾವೇ ಮಾತಾಡಬೇಕು. ನಿಮ್ಮ ಮನೆಯ ಬಗ್ಗೆ ಹೇಳಿ ಅಂತ ಪರದೆಯಲ್ಲಿ ಬಂತು. ಎಲ್ಲರೂ ನಮ್ಮ ಮನೆ ದೊಡ್ಡದು, ನಮ್ಮ ನಾಯಿ ಕಪ್ಪಗಿದೆ ಅಂತ ಹೇಳುತ್ತಿರುವಾಗ ನಾನು ನಿನಗೆ ಮನೆಯ ಸುದ್ದಿ ಹೇಳಿದೆ. ಗೊತ್ತಿದ್ದ ನಾಲ್ಕು ಮಾತಿನಲ್ಲೇ. ಅಮ್ಮನ ಕಾಲು ಚೆನ್ನಾಗಿಲ್ಲ. ಮಗಳು ಎತ್ತರ ಆಗಿದ್ದಾಳೆ. ಅವಳು ಪ್ರತಿದಿನ ಕೇಳುತ್ತಾಳೆ. ನಾವು ನಿನ್ನ ಬಟ್ಟಲು ತೆಗೆದಿಟ್ಟಿಲ್ಲ. ಹೆಡ್‌ಫೋನಿನಲ್ಲಿ ಯಾರೂ ಏನೂ ಹೇಳಲಿಲ್ಲ, ಹೇಳುವ ಹಾಗೂ ಇಲ್ಲವಲ್ಲ. ಆದರೆ ನಾನು ಮಗಳು ಅಂದಾಗ ಆ ಉಸಿರು ಒಮ್ಮೆ ನಿಂತಿತು, ಆಮೇಲೆ ಮತ್ತೆ ಶುರುವಾಯಿತು. ಕಣ್ಣೀರು ಬಂದು ಪರದೆ ಕಾಣಿಸಲಿಲ್ಲ. ಸಮಯ ಮುಗಿಯಿತು, ಧನ್ಯವಾದ, ಮತ್ತೆ ಸಿಗೋಣ ಅಂದಿತು ಗಂಡಸಿನ ದನಿ.

ಹೊರಗೆ ಬಂದು ನಲ್ಲಿಯ ಹತ್ತಿರ ನರ್ಸನ್ನು ಹಿಡಿದು ಕೇಳಿದೆ, ನಡುವೆ ಒಂದು ಹೆಂಗಸಿನ ದನಿ ಬಂತಲ್ಲ ಅಂತ. "ಇಲ್ವಲ್ರೀ, ಪೂರ್ತಿ ಗಂಡಸೇ. ನಿಮಗೆ ಟೆನ್ಷನ್‌ಗೆ ಹಾಗನ್ಸಿದೆ" ಅಂದು ನನ್ನ ಬೆನ್ನು ಸವರಿದಳು. ಆಮೇಲೆ ಅವಳೇ ಸ್ವಲ್ಪ ಹಿಂದೆ ಸರಿದು, "ಆದ್ರೆ ನಿಮ್ಮ ಕಡೆಯಿಂದ ಇಬ್ಬರು ಮಾತಾಡೋದು ಕೇಳಿಸ್ತಿತ್ತು. ನಿಮ್ಮ ಅಡ್ಡದಲ್ಲಿ ಇನ್ಯಾರು ಕೂತಿದ್ರು?" ಅಂದಳು. ನಾನು ಮುಖ ತೊಳೆಯುವ ನೆವದಲ್ಲಿ ಬಗ್ಗಿಬಿಟ್ಟೆ. ಟೀಚರಿಗೂ ಫೋನ್ ಮಾಡಿದ್ದೆ. ಅವರು "ನಿದ್ದೆ ಮಾಡಿ, ಸರಿಹೋಗತ್ತೆ" ಅಂದರು. ನಿದ್ದೆ ಮಾಡಿದೆ. ಇವತ್ತು ಬೆಳಗ್ಗೆ ಎದ್ದಾಗಲೂ ಕಿವಿಯಲ್ಲಿ ನಿನ್ನ ಉಸಿರಿತ್ತು.

ಈ ಪತ್ರವನ್ನು ನಿನ್ನ ಹಳೆಯ ಕೋಣೆಯ ವಿಳಾಸಕ್ಕೇ ಹಾಕುತ್ತೇನೆ. ಅಮ್ಮ ಆಶೀರ್ವಾದ ಬರಿ ಅಂದಿದ್ದಾಳೆ, ಕಾಲು ಬೆಚ್ಚಗಿಟ್ಟುಕೋ ಅಂತಲೂ. ಕಾಲ್ಚೀಲ ಮಾಡುವವರ ಮನೆಯ ಮಗಳಿಗೆ ಅದನ್ನು ಬೇರೆ ಹೇಳಬೇಕಾ ಅಂದೆ, ಬೈದಳು. ಪುಟಾಣಿಗೆ ಪರೀಕ್ಷೆಯ ವಿಷಯ ಒಂದಕ್ಷರ ಹೇಳಿಲ್ಲ. ಪಾಸಾದರೆ ನಾನೊಬ್ಬಳೇ ಬರುವುದು, ಅವಳು ಅಮ್ಮನ ಹತ್ತಿರ ಇರುತ್ತಾಳೆ. ಎಲ್ಲಿದ್ದರೂ ಗಟ್ಟಿಯಾಗಿರು. ನಾವೆಲ್ಲ ನಿನ್ನ ಮೇಲೆ ಜೀವ ಇಟ್ಟುಕೊಂಡಿದ್ದೇವೆ.

ಪ್ರೀತಿಯಿಂದ,
ನಿನ್ನ ಗಿಣಿ

ಒಂದು ತಿಂಗಳ ಮೇಲೆ ಸೇರಿಸಿದ್ದು: ಪತ್ರ ಅಂಟಿಸದೆ ಇಟ್ಟುಕೊಂಡಿದ್ದೇ ಒಳ್ಳೆಯದಾಯಿತು, ಈಗ ಅವಸರದಲ್ಲಿ ಬರೆಯುತ್ತಿದ್ದೇನೆ. ಫಲಿತಾಂಶ ಬಂತು, ಪಾಸು. ಮಾತಿನಲ್ಲಿ ಒಂದಂಕವೂ ಹೋಗಿಲ್ಲ. ಕಂಪನಿಯವರು ಟಿಕೆಟ್ ಕಳಿಸಿದ್ದಾರೆ, ನಾಳೆ ಹೊರಡುತ್ತೇನೆ. ಇವತ್ತು ಬೆಳಗ್ಗೆ ಪುಟಾಣಿಯ ತಲೆ ಬಾಚುತ್ತಿದ್ದೆ. ಅವಳು ಕನ್ನಡಿ ನೋಡುತ್ತಾ ತನ್ನಷ್ಟಕ್ಕೆ ಆ ಬರಬೇಡ ಅನ್ನುವ ವಾಕ್ಯ ಹೇಳಿದಳು ಅಕ್ಕಾ, ಚೀನೀ ಭಾಷೆಯಲ್ಲಿ, ನಿನ್ನದೇ ದನಿಯಲ್ಲಿ. ವಾಕ್ಯದ ಶುರುವಿನಲ್ಲಿ ತಂಗಿ ಅನ್ನುವ ಕಡೆ ಮಗಳೇ ಅಂತ ಇತ್ತು, ಉಳಿದದ್ದೆಲ್ಲ ಅದೇ. "ಅಮ್ಮ ರಾತ್ರಿಯೆಲ್ಲಾ ಇದನ್ನೇ ಹೇಳ್ತಾಳೆ, ಹಂಗಂದ್ರೇನು ಚಿಕ್ಕಮ್ಮಾ?" ಅಂತ ಕೇಳಿದಳು. ಆ ಮುಖ ನೋಡಿ ನನಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಬೇಗ ಬಾ ಅಂತ" ಅಂದುಬಿಟ್ಟೆ. ಆಗಿನಿಂದ ಅವಳು ಶೂ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದಾಳೆ, ಯಾರು ಕರೆದರೂ ಏಳುತ್ತಿಲ್ಲ.