ಅಪ್ಪ ಮಾಡಿದ ಕೋಲು

೧೪ ಫೆಬ್ರವರಿ ೧೯೪೬, ಗುರುವಾರ

ಇವತ್ತು ಇನ್ನೇನು ಅಪ್ಪನನ್ನು ನೋಯಿಸಿಬಿಡುತ್ತಿದ್ದೆ. ನನಗೆಂದೇ ತೇಗದಲ್ಲಿ ಬಿಲಿಯರ್ಡ್ಸ್ ಕೋಲು ಕೆತ್ತಿ ರಾಯಕೋಟೆಯಿಂದ ಬಸ್ಸಿನಲ್ಲಿ ತಂದಿದ್ದ. ಕ್ಲಬ್ಬಿನಲ್ಲಿ ಅವನೆದುರೇ ಆಡಿದೆ. ಚೆಂಡೆಲ್ಲ ಎಡಕ್ಕೇ ಹೋದವು. ಅಪ್ಪ ಒಂದು ಕಣ್ಣು ಮುಚ್ಚಿ ಕೋಲಿನುದ್ದಕ್ಕೂ ನೋಡಿದ.

"ಎಲ್ಲೋ ತಪ್ಪಿದ್ದೀನಿ ಮಗಾ. ವಾಪಸ್ ತಗೊಂಡೋಗ್ತೀನಿ."

ಇಷ್ಟು ದಿನ ನಾನು ಕಲಿತದ್ದು ಕ್ಲಬ್ಬಿನ ಚಿನ್ನಸ್ವಾಮಣ್ಣನ ಕೋಲು ಎರವಲು ಪಡೆದು. ಪಕ್ಕದಲ್ಲೇ ನಿಂತು ನೋಡುತ್ತಿದ್ದ ಅವನು ನಕ್ಕ. "ನನ್ ಕೋಲು ಬಲಕ್ಕೆ ಸೊಟ್ಟ ಕಣ್ಲಾ. ಎಡಕ್ಕೆ ಹೊಡ್ದು ಹೊಡ್ದು ನಿನ್ ಕೈ ಹಂಗೇ ಕೂತ್ಬುಟ್ಟೈತೆ!"

ನಾಲ್ಕು ಜನರೆದುರು ಬಾಯಿ ಬಿಡದ ನಾನು ಅಪ್ಪನ ಕೈಯಿಂದ ಕೋಲು ಕಿತ್ತುಕೊಂಡು, "ನೀನು ಮಾಡಿದ್ದು ನೆಟ್ಟಗೈತೆ ಕಣಪ್ಪಾ. ತಿದ್ಬೇಕಿರೋದು ನನ್ ಕೈ" ಅಂದೆ.

ಬಸ್ಸು ಹತ್ತುವವರೆಗೂ ಅಪ್ಪ ನಗುತ್ತಲೇ ಇದ್ದ. ನಾಳೆಯೂ ಚೆಂಡು ಎಡಕ್ಕೇ ಹೋಗುತ್ತದೆ. ಹೋಗಲಿ. ಕೋಲು ಚಾಪೆಯ ಪಕ್ಕದಲ್ಲೇ ಇದೆ. ಹಿಡಿಯಲ್ಲಿ ಅಪ್ಪನ ಬೀಡಿಯ ವಾಸನೆ ಇನ್ನೂ...