ಕಾಸಿದ ಹಲಗಿಯ ಮುಂದೆ

ಯಪ್ಪಾ,

ಮಸರಕಲ್ಲಿನಲ್ಲಿ ಮೊಹರಂ ದಿನ ನೀನು ಹಲಗಿ ಬಾರಿಸಿದರೆ ಊರೇ ಕುಣಿಯುತ್ತಿತ್ತು. ನಾನೊಬ್ಬಳು ಮಾತ್ರ ಕಿವಿ ಮುಚ್ಚಿಕೊಂಡು ಗೋಡೆಯ ಹಿಂದೆ ಅಳುತ್ತಿದ್ದೆ. “ಹಲಗಿಯವರ ಮನ್ಯಾಗ ಹುಟ್ಟಿ ಹಲಗಿಗೆ ಅಂಜೂದೇನಬೇ?” ಎಂದು ಅತ್ತಿ ಬೈದಳು. ಅಂಜಿಕೆ ಬಿಡಿಸುತ್ತೇನೆಂದು ನನ್ನನ್ನು ಎಳೆದು ತಂದು ಹಲಗಿಗಳ ನಡುವೆಯೇ ನಿಲ್ಲಿಸಿದಳು. ನಾನು ವಾಂತಿ ಮಾಡಿಕೊಂಡೆ. ನಡುಹಬ್ಬದಲ್ಲಿ ನೀನು ಬಾರಿಸುವುದನ್ನೇ ನಿಲ್ಲಿಸಿಬಿಟ್ಟೆಯಲ್ಲ! “ಅಂಜಿಕಿ ಅಲ್ಲ, ಅದರ ಕಿವಿಗೆ ನೋವಾಗ್ತದ” ಅಂದೆ. ಅದು ನಿನಗೆ ಹೇಗೆ ತಿಳಿಯಿತು?

ಮರುದಿನ ಅಂಗಳದಲ್ಲಿ ಹಲಗಿಯನ್ನು ಬೆಂಕಿಗೆ ಹಿಡಿಯದೆ ಹಾಗೇ ಬಾರಿಸಿದ್ದು ನೆನಪಿದೆಯೇ? ಕಾಸಿದರೆ ಚರ್ಮ ಬಿಗಿದು ಸಿಡಿಯುವ ಹಲಗಿ, ಅಂದು ದಬ್ ದಬ್ ಎಂದು ಮೆತ್ತಗೆ ಮಾತಾಡಿತು. ನನ್ನ ಅಂಗೈಯನ್ನು ಅದರ ಅಂಚಿಗೆ ಒತ್ತಿ, “ಕೈಲೆ ಕೇಳು” ಅಂದೆ. ಕೇಳಿಸಿತು ಯಪ್ಪಾ! ಮೊಳಕೈವರೆಗೂ ಹತ್ತಿತು. ಒಂದು ತುಂಡು ಚರ್ಮದೊಳಗೆ ಅಷ್ಟು ದೊಡ್ಡ ಜೀವವೇ ಎಂದು ಇವತ್ತಿಗೂ ಬೆರಗಾಗುತ್ತೇನೆ.

ನೀನು ಹೋದ ಮೇಲೂ ಈ ಕಿವಿ ಸುಧಾರಿಸಲಿಲ್ಲ. ಮಾನ್ವಿಯ ಶಾಲೆಯಲ್ಲಿ ಪಾಠ ಮಾಡುವಾಗ ಮಕ್ಕಳು ಬೆಂಚು ಎಳೆದರೆ ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಯಾರ ಮದುವೆಗೆ ಹೋದರೂ ಅಕ್ಷತೆಯ ಅಕ್ಕಿಕಾಳು ಹಾಕುವ ಹೊತ್ತಿಗೆ, ವಾದ್ಯ ಜೋರಾಗುವ ಮೊದಲೇ, ಹೊರಗೆ ಜಾರುತ್ತಿದ್ದೆ. ಅಷ್ಟರಲ್ಲಿ ನೀನು ಎತ್ತಿ ಆಡಿಸಿದ ನನ್ನ ಮಗಳು ಸುಜಾತಾಳ ಮದುವೆ ಗೊತ್ತಾಯಿತು. ಮಗಳ ತಲೆಗೆ ಅಕ್ಕಿಕಾಳು ಬೀಳುವಾಗ ತಾಯಿ ಎಲ್ಲಿರಬೇಕು? ಬಾಗಿಲ ಹೊರಗೆಯೇ?

ರಾಯಚೂರಿನ ಕಿವಿ ಡಾಕ್ಟರ್ ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿಯೇ ಇದೆ, ಕೆಲವರಿಗೆ ದೊಡ್ಡ ಸದ್ದು ತಡೆಯುವುದಿಲ್ಲ ಅಂದರು. ಇಯರ್‌ಪ್ಲಗ್ ಕೊಟ್ಟು, “ಬಾಳ ಗದ್ಲ ಇದ್ದಲ್ಲಿ ಅಷ್ಟ ಹಾಕ್ಕೋರಿ. ಯಾವಾಗ್ಲೂ ಹಾಕ್ಕೊಂಡ್ರ ಕಿವಿ ಮತ್ತಷ್ಟು ನಾಜೂಕಾಗ್ತಾವ. ಸಣ್ಣ ಸದ್ದಿನಿಂದ ರೂಢಿ ಮಾಡ್ಕೋರಿ, ಮಂದಿಗೂ ಹೇಳ್ರಿ” ಎಂದರು. ಮಕ್ಕಳಿಗೆ ಹೇಳಿದೆ. ಈಗ ಅವು ಬೆಂಚು ಎಳೆಯುವುದಿಲ್ಲ, ಇಬ್ಬಿಬ್ಬರು ಹಿಡಿದು ಎತ್ತಿಡುತ್ತವೆ. ಇಷ್ಟು ವರ್ಷ ಬಾಯಿ ಬಿಡದೆ ಸತ್ತೆನಲ್ಲ, ಹುಚ್ಚಿ!

ಮದುವೆಯ ದಿನ ನಿನ್ನ ಜೊತೆಗಾರ ಯಂಕಪ್ಪ ಕಾಕಾ ಹಲಗಿ ಹಿಡಿದು ಬೆಂಕಿಯ ಹತ್ತಿರ ನಿಂತು, “ಕಾಸ್ಲೇನವ್ವಾ, ಹಂಗ ಬಾರಿಸ್ಲಿ?” ಎಂದು ಕೇಳಿದ.

“ಕಾಸು ಕಾಕಾ. ನಮ್ಮಪ್ಪನ ಮೊಮ್ಮಗಳ ಮದಿವಿ ಇದು!”

ಪ್ಲಗ್ ಒತ್ತಿಕೊಂಡು ಒಳಗೆ ಹೋಗಿ ನಿಂತೆ. ಹಲಗಿ ಎದ್ದಿತು. ಓಡಿಬಿಡಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಸಿಡಿತವೆಲ್ಲ ಕಿವಿಯ ಹೊರಗೇ ಉಳಿದು, ಅದರ ಗುಡುಗು ಮಾತ್ರ ನೆಲದಿಂದ ಪಾದಕ್ಕೆ, ಪಾದದಿಂದ ಎದೆಗೆ ಏರಿತು. ಮೈಯೆಲ್ಲ ಜುಂ ಎಂದಿತು. ಜೀವಮಾನವಿಡೀ ನೀನು ನಿಂತಿದ್ದು ಇದರೊಳಗೇನಾ? ಇಷ್ಟು ಚೆಂದದ್ದು ಇಷ್ಟು ಹತ್ತಿರವಿತ್ತೇ, ಯಪ್ಪಾ...

ಸುಜಾತಾ ತಲೆಯೆತ್ತಿ, ಅಭ್ಯಾಸದಂತೆ ಬಾಗಿಲ ಕಡೆ ನನ್ನನ್ನು ಹುಡುಕಿದಳು. ನಾನು ಅವಳ ಎದುರಿಗೇ ಇದ್ದೆ. ಮೊದಲ ಅಕ್ಕಿಕಾಳು ನಾನೇ ಹಾಕಿದೆ.